ಹಲ್ಲಿನ ಸೀಲೆಂಟ್ ಉದುರದಂತೆ ಹಾಕಿಸುವುದು ಹೇಗೆ: ಮಕ್ಕಳಿಗೂ ದೊಡ್ಡವರಿಗೂ ಸಮಗ್ರ ಮಾರ್ಗದರ್ಶಿ

"ಸೀಲೆಂಟ್ ಹಾಕಿಸಿದ್ವಿ ಡಾಕ್ಟ್ರೇ, ಆದ್ರೂ ಹುಳುಕಾಯ್ತು."

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಯಾವ ಹಲ್ಲಿಗೆ ಹಾಕಿಸಿದಿರಿ? ಹಾಕುವಾಗ ಹಲ್ಲು ಪೂರ್ತಿ ಒಣಗಿತ್ತಾ? ಆಮೇಲೆ ಯಾವಾಗ ತೋರಿಸಿದಿರಿ? ಮೊದಲನೆಯದಕ್ಕೆ "ಹಿಂದಿನದು ಯಾವುದೋ" ಎಂಬ ಉತ್ತರ ಬರುತ್ತದೆ. ಎರಡನೆಯದನ್ನು ಯಾರೂ ನೋಡಿರುವುದಿಲ್ಲ. ಮೂರನೆಯದಕ್ಕೆ ಸುಮ್ಮನೆ ನಗುತ್ತಾರೆ. ಸೀಲೆಂಟ್ ಕೈಕೊಡುವುದು ಹೆಚ್ಚಾಗಿ ಈ ಮೂರು ಕಡೆಯೇ, ಅದರಲ್ಲೂ ನಡುವಿನದರಲ್ಲಿ.

ದವಡೆ ಹಲ್ಲಿನ ಅಗಿಯುವ ಮೇಲ್ಮೈಯಲ್ಲಿ ಸಣ್ಣ ಸಣ್ಣ ಸೀಳುಗಳಿರುತ್ತವೆ. ಕೆಲವು ಎಷ್ಟು ಇಕ್ಕಟ್ಟೆಂದರೆ ಬ್ರಷ್‌ನ ಒಂದು ಎಳೆಯೂ ತಳಕ್ಕಿಳಿಯದು. ಬಿಸ್ಕತ್ತಿನ ಹಿಟ್ಟು ಮಾತ್ರ ಆರಾಮಾಗಿ ಇಳಿದು ಕೂರುತ್ತದೆ. ಆ ಸೀಳುಗಳನ್ನು ತೆಳುವಾದ ಲೇಪದಿಂದ ಮುಚ್ಚುವುದೇ ಸೀಲೆಂಟ್. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ ಇದು ಮೊದಲ 2 ವರ್ಷ ದವಡೆ ಹಲ್ಲಿನ ಶೇ. 80ರಷ್ಟು ಹುಳುಕನ್ನು ತಡೆಯುತ್ತದೆ, 4 ವರ್ಷದವರೆಗೂ ಶೇ. 50ರಷ್ಟನ್ನು. ಇವು ಸೀಲೆಂಟ್ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತಾಗಿನ ಮಾತು. ಹಾಗೆ ಕೂರಿಸುವ ಕ್ರಮ ಮುಂದಿದೆ.

## ಮೊದಲು ಸಿದ್ಧ ಮಾಡಿಕೊಳ್ಳಬೇಕಾದ್ದು

ಮನೆಯಲ್ಲಿ ಬೇಕಾದ್ದು ಸ್ವಲ್ಪವೇ: ಒಂದು ಟಾರ್ಚ್, ಕೆನ್ನೆ ಸರಿಸಲು ಚಮಚದ ಹಿಡಿ, ಹಲ್ಲು ಒರೆಸಲು ಚೊಕ್ಕ ಬಿಳಿ ಬಟ್ಟೆ, ಮೊಬೈಲ್ ಕ್ಯಾಮೆರಾ.

ಕ್ಲಿನಿಕ್‌ನಲ್ಲಿ ಇರಬೇಕಾದ್ದು: ಜೊಲ್ಲು ಹೀರುವ ಸಕ್ಷನ್ ಕೊಳವೆ, ಹತ್ತಿಯ ಸುರುಳಿಗಳು ಅಥವಾ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ, ಸೀಲೆಂಟ್ ಅಂಟುವಂತೆ ಹಲ್ಲನ್ನು ಸಿದ್ಧ ಮಾಡುವ ಆಸಿಡ್ ಜೆಲ್, ಸೀಲೆಂಟ್, ಅದನ್ನು ಗಟ್ಟಿ ಮಾಡುವ ನೀಲಿ ಬೆಳಕಿನ ಕ್ಯೂರಿಂಗ್ ಲೈಟ್. ಜೊತೆಗೆ ವೈದ್ಯರದಲ್ಲದೆ ಇನ್ನೆರಡು ಕೈ. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾಕೆ ಬೇಕೆಂದು 5ನೇ ಹಂತದಲ್ಲಿ ಹೇಳುತ್ತೇನೆ.

ಆನ್‌ಲೈನ್‌ನಲ್ಲಿ ಸಿಗುವ ಕಿಟ್ ತರಿಸಿ ಮನೆಯಲ್ಲೇ ಹಾಕಿಬಿಡೋಣ ಎಂದು ಹೊರಡಬೇಡಿ. ಆಸಿಡ್ ನಾಲಿಗೆಗೋ ಕಣ್ಣಿಗೋ ತಾಗುವ ಅಪಾಯ ಒಂದು ಕಡೆ, ಒಳಗೆ ದೊಡ್ಡ ಹುಳುಕಿರುವ ಹಲ್ಲನ್ನು ಗೊತ್ತಿಲ್ಲದೆ ಮುಚ್ಚುವ ಅಪಾಯ ಇನ್ನೊಂದು ಕಡೆ.

## ಹಂತ 1: ಸರಿಯಾದ ಹಲ್ಲನ್ನು ಎಣಿಸಿ ಗುರುತಿಸಿ

ಮನೆಯವರು ಹೆಚ್ಚಾಗಿ ಎಡವುವುದು ಇಲ್ಲಿ. ಆರು ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಹೊಸದಾಗಿ ಒಂದು ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಅದು ಬಂದದ್ದೇ ಮನೆಯವರಿಗೆ ತಿಳಿಯುವುದಿಲ್ಲ. ತಿಳಿದರೂ "ಹಾಲುಹಲ್ಲು, ಬಿದ್ದು ಹೋಗತ್ತೆ ಬಿಡಿ" ಎನ್ನುತ್ತಾರೆ. ಅದು ಬೀಳುವ ಹಲ್ಲಲ್ಲ. ಮುಪ್ಪಿನವರೆಗೂ ಅಗಿಯಬೇಕಾದ ಹಲ್ಲು ಅದೇ.

ಎಣಿಸುವುದು ಸುಲಭ. ಮುಂಭಾಗದ ನಡುಗೆರೆಯಿಂದ ಹಿಂದಕ್ಕೆ ಒಂದೊಂದೇ ಲೆಕ್ಕ ಹಾಕಿ. ಹಲ್ಲು ಬಿದ್ದ ಖಾಲಿ ಜಾಗವನ್ನೂ ಒಂದೆಂದು ಎಣಿಸಿ. ಬಾಯಿಯ ನಾಲ್ಕು ಕಾಲುಭಾಗಗಳಲ್ಲಿ ತಲಾ 5 ಹಾಲುಹಲ್ಲು ಇರುವುದರಿಂದ 6ನೆಯದು ಶಾಶ್ವತ ಹಲ್ಲು. ಸುಮಾರು 12 ವರ್ಷಕ್ಕೆ ಬರುವುದು 7ನೆಯದು. ಸೀಲೆಂಟ್‌ಗೆ ಮುಖ್ಯವಾದವು ಈ ಎರಡು, ಬಾಯಿಗೆ ಒಟ್ಟು ಎಂಟು.

ದಂತವೈದ್ಯರು ಚೀಟಿಯಲ್ಲಿ ಬರೆಯುವ ಅಂಕಿಯೂ ಇದೇ ಎಣಿಕೆ. 16, 26, 36, 46 ಎಂದಿದ್ದರೆ ಎರಡನೆಯ ಅಂಕಿ ಹಲ್ಲಿನ ಕ್ರಮಸಂಖ್ಯೆ. ಮೊದಲ ಅಂಕಿ ಮಗುವಿನ ಬಾಯಿಯ ಭಾಗ: ಮೇಲೆ ಬಲಕ್ಕೆ 1, ಮೇಲೆ ಎಡಕ್ಕೆ 2, ಕೆಳಗೆ ಎಡಕ್ಕೆ 3, ಕೆಳಗೆ ಬಲಕ್ಕೆ 4. ಚೀಟಿಯಲ್ಲಿ 55 ಅಥವಾ 85 ಇದ್ದರೆ ಹಾಕಿರುವುದು ಹಾಲುಹಲ್ಲಿಗೆ. ಅದು ತಪ್ಪೇನಲ್ಲ. ಬೇಗ ಹುಳುಕು ಹಿಡಿಯುವ ಮಕ್ಕಳಿಗೆ 3–4 ವರ್ಷದಲ್ಲಿ ಹಾಲಿನ ದವಡೆ ಹಲ್ಲಿಗೂ ಹಾಕುತ್ತೇವೆ. ಆದರೆ ಹಾಲುಹಲ್ಲಿಗೆ ಹಾಕಿಸಿ, 6ನೆಯದಕ್ಕೂ ಆಯಿತು ಅಂದುಕೊಂಡು ಸುಮ್ಮನಾಗಬೇಡಿ.

## ಹಂತ 2: ಹೊತ್ತು ನೋಡಿ ಹೋಗಿ

ಹಲ್ಲು ವಸಡನ್ನು ಸೀಳಿ ಪೂರ್ತಿ ಮೇಲೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಅವಧಿಯಲ್ಲಿ ಹಿಂಭಾಗದ ಮೇಲೆ ವಸಡಿನ ಒಂದು ಚೂರು ಹೊದಿಕೆಯಂತೆ ಕೂತಿರುತ್ತದೆ. ಅದರಡಿಯಲ್ಲಿ ಸದಾ ತೇವ. ಆಗ ಸಾಮಾನ್ಯವಾಗಿ ಬಳಸುವ, ಬೆಳಕಿಗೆ ಗಟ್ಟಿಯಾಗುವ ರೆಸಿನ್ ಸೀಲೆಂಟ್ ಹಾಕಿಸಿದರೆ ಹಿಂದಿನ ಅಂಚು ಬೇಗ ಏಳುತ್ತದೆ.

ಹಾಗೆಂದು "ಎಲ್ಲ ಹಲ್ಲೂ ಬೀಳಲಿ, ಆಮೇಲೆ ನೋಡೋಣ" ಎಂದು ಕೂತರೆ ಇನ್ನೊಂದು ಕಷ್ಟ. ಹೊಸ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಎದುರಿನ ಹಲ್ಲಿಗೆ ತಾಗದಷ್ಟು ಕೆಳಗಿರುವುದರಿಂದ ಅಗಿಯುವಾಗ ತಾನಾಗಿ ಉಜ್ಜಿಹೋಗುವುದೂ ಇಲ್ಲ, ಬ್ರಷ್ಷೂ ಅದರ ಮೇಲಿನಿಂದ ಹಾದುಹೋಗುತ್ತದೆ. ಹುಳುಕು ಶುರುವಾಗುವುದು ಇಂಥ ಹೊತ್ತಿನಲ್ಲೇ.

ನನ್ನ ಸಲಹೆ: ಮಗುವಿಗೆ ಐದೂವರೆ ಆದ ಮೇಲೆ ತಿಂಗಳಿಗೊಮ್ಮೆ ಟಾರ್ಚ್ ಹಾಕಿ ಎಣಿಸಿ. 6ನೆಯದರ ತುದಿ ಕಂಡ ಕೂಡಲೇ ಒಮ್ಮೆ ತೋರಿಸಿ. ಬಾಯಲ್ಲಿ ಆಗಲೇ ಹುಳುಕಿದ್ದರೆ ವೈದ್ಯರು ತಾತ್ಕಾಲಿಕವಾಗಿ ಗ್ಲಾಸ್ ಅಯಾನೊಮರ್ ಎಂಬ ಲೇಪ ಹಾಕಬಹುದು. ಅದು ಸ್ವಲ್ಪ ತೇವವಿದ್ದರೂ ಅಂಟುತ್ತದೆ, ಫ್ಲೋರೈಡನ್ನೂ ಬಿಡುತ್ತದೆ, ಆದರೆ ರೆಸಿನ್‌ನಷ್ಟು ದಿನ ಬಾಳುವುದಿಲ್ಲ. ಹುಳುಕಿಲ್ಲದಿದ್ದರೆ ವಸಡಿನ ಹೊದಿಕೆ ಹಿಂದೆ ಸರಿಯುವವರೆಗೆ ಕಾಯ್ದು, ಸರಿದ ಕೂಡಲೇ ರೆಸಿನ್ ಹಾಕಿಸಿ.

## ಹಂತ 3: ಮುಚ್ಚುವ ಮೊದಲು ಒಳಗೇನಿದೆ ನೋಡಿ

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಲ್ಲನ್ನು ಬಟ್ಟೆಯಿಂದ ಒರೆಸಿ ಬೆಳಕು ಬಿಡಿ. ಒದ್ದೆ ಹಲ್ಲಿನಲ್ಲಿ ಏನೂ ಕಾಣುವುದಿಲ್ಲ, ಒಣಗಿದಾಗಲೇ ಗೊತ್ತಾಗುವುದು.

ಸೀಳಿನಲ್ಲಿ ಬರೀ ತೆಳು ಕಂದು ಗೆರೆ ಇದ್ದರೆ ಅದು ಕಲೆ ಇರಬಹುದು. ಸೀಳಿನ ಪಕ್ಕ ಸುಣ್ಣದಂಥ ಬಿಳಿ ಮಚ್ಚೆ ಇದ್ದರೆ ಹುಳುಕಿನ ಆರಂಭ. ಈ ಎರಡಕ್ಕೂ ಸೀಲೆಂಟ್ ಹಾಕಬಹುದು. "ಕ್ರಿಮಿ ಒಳಗೆ ಸೇರಿಕೊಂಡರೆ?" ಎಂಬ ಹೆದರಿಕೆ ಸಹಜ, ಆದರೆ ಮೇಲ್ಮೈ ಕುಸಿಯದ ಆರಂಭದ ಹುಳುಕನ್ನು ಬಿಗಿಯಾಗಿ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಗದೆ ಹುಳುಕು ಅಲ್ಲೇ ನಿಲ್ಲುತ್ತದೆ.

ಕಣ್ಣಿಗೆ ಕಾಣುವ ಗುಳಿ, ಎನಾಮಲ್ ಅಡಿಯಿಂದ ಇಣುಕುವ ಬೂದು ನೆರಳು, ಪ್ರತಿ ಊಟಕ್ಕೂ ಒಂದೇ ಕಡೆ ಸಿಕ್ಕಿಕೊಳ್ಳುವ ಅನ್ನದಗುಳು: ಇವು ಸೀಲೆಂಟ್‌ನ ಹಂತ ದಾಟಿದ ಗುರುತು. ಅಲ್ಲಿ ಬೇಕಾಗುವುದು ಫಿಲ್ಲಿಂಗ್. ಎರಡು ಹಲ್ಲುಗಳ ನಡುವೆ ಹುಳುಕಿರುವ ಅನುಮಾನ ಬಂದರೆ ವೈದ್ಯರು ಚಿಕ್ಕದೊಂದು ಎಕ್ಸ್‌ರೇ ಕೇಳಬಹುದು. ಆ ಸಂದಿಯನ್ನು ಸೀಲೆಂಟ್ ಕಾಯುವುದಿಲ್ಲ ಎಂಬುದು ನೆನಪಿರಲಿ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇನ್ನೊಂದು ಮಾತು. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಪಟ್ಟೆ ಬಂದಿದ್ದರೆ ಅದು ಹುಳುಕಲ್ಲ, ಸೀಲೆಂಟ್‌ನಿಂದ ಹೋಗುವುದೂ ಇಲ್ಲ. ಆದರೆ ಅಂಥ ಎನಾಮಲ್ ಆಸಿಡ್‌ಗೆ ಬೇಗ ಜಗ್ಗುವುದಿಲ್ಲ, ವೈದ್ಯರು ಜೆಲ್ಲನ್ನು ಹೆಚ್ಚು ಹೊತ್ತು ಇಡಬೇಕಾಗಬಹುದು. ಬೇರೆ ಊರಿನಲ್ಲಿ ಹಾಕಿಸುವುದಾದರೆ ಮಗು ಯಾವ ನೀರು ಕುಡಿದು ಬೆಳೆದಿದೆ ಎಂದು ನೀವೇ ಬಾಯಿಬಿಟ್ಟು ಹೇಳಿ.

## ಹಂತ 4: ಹೋಗುವ ಮುಂಚೆ ಮಾಡಬೇಕಾದ್ದು

ಫೋನಿನಲ್ಲೇ ಎರಡು ಪ್ರಶ್ನೆ ಕೇಳಿ. ಹಾಕುವಾಗ ಸಹಾಯಕರು ಇರುತ್ತಾರಾ? ಉದುರಿದರೆ ಮತ್ತೆ ಹಾಕಿಕೊಡುತ್ತೀರಾ, ಅದಕ್ಕೆ ಎಷ್ಟು? ದರ ಸಾಮಾನ್ಯವಾಗಿ ಹಲ್ಲಿನ ಲೆಕ್ಕದಲ್ಲಿರುತ್ತದೆ, ನಾಲ್ಕಕ್ಕೂ ಸೇರಿಸಿ ಕೇಳಿಕೊಳ್ಳಿ. ಹತ್ತಿರದಲ್ಲಿ ದಂತ ಕಾಲೇಜಿದ್ದರೆ ಅಲ್ಲಿನ ಮಕ್ಕಳ ದಂತ ವಿಭಾಗಕ್ಕೆ ಹೋಗಬಹುದು. ಕೆಲಸ ನಿಧಾನ, ಆದರೆ ವಿದ್ಯಾರ್ಥಿಗಳು ಒಂದೂ ಹಂತ ಬಿಡದೆ ಮಾಡುತ್ತಾರೆ, ಮೇಷ್ಟ್ರು ಬಂದು ನೋಡದೆ ಬಿಡುವುದಿಲ್ಲ.

ನೆಗಡಿ ಜೋರಾಗಿದ್ದ ದಿನ ಹೋಗಬೇಡಿ. ಮೂಗು ಕಟ್ಟಿದ ಮಗು ಬಾಯಲ್ಲೇ ಉಸಿರಾಡುತ್ತದೆ, ಹಲ್ಲು ಒಣಗುವುದೇ ಇಲ್ಲ. ಹೊಟ್ಟೆ ತುಂಬ ಊಟ ಮಾಡಿಸಿ ತಕ್ಷಣ ಕರೆದೊಯ್ದರೆ ವಾಕರಿಕೆ. ಅಂಟು ಅಥವಾ ರೆಸಿನ್‌ಗೆ ಅಲರ್ಜಿ ಇದ್ದರೆ ಮುಂಚೆಯೇ ತಿಳಿಸಿ.

ಇನ್ನು ದಾರಿಯಲ್ಲಿ "ಇಂಜೆಕ್ಷನ್ ಕೊಡಲ್ಲ ಪುಟ್ಟಾ, ನೋಯಲ್ಲ, ಹೆದರಬೇಡ" ಎಂದು ಸಮಾಧಾನ ಮಾಡಬೇಡಿ. ಅಲ್ಲಿಯವರೆಗೆ ಮಗುವಿನ ತಲೆಯಲ್ಲಿ ಇಂಜೆಕ್ಷನ್ ಇರಲೇ ಇಲ್ಲ. "ಹಲ್ಲಿಗೆ ಬಣ್ಣ ಹಚ್ಚಿ ಲೈಟು ಬಿಡ್ತಾರೆ, ನೀನು ಬಾಯಿ ತೆಗೆದಿರಬೇಕು ಅಷ್ಟೆ" ಎಂದರೆ ಸಾಕು.

## ಹಂತ 5: ಕುರ್ಚಿಯಲ್ಲಿ ನಡೆಯುವ ಕ್ರಮ

ಇದನ್ನು ಮಾಡುವವರು ವೈದ್ಯರು, ಆದರೆ ಪಕ್ಕದಲ್ಲಿ ನಿಂತ ನಿಮಗೆ ಕ್ರಮ ಗೊತ್ತಿರಲಿ. ಯಾವುದು ತಪ್ಪಿತು ಎಂದು ಕಣ್ಣಿಗೆ ಕಾಣುತ್ತದೆ.

1. ಶುಚಿ ಮಾಡುವುದು. ತಿರುಗುವ ಸಣ್ಣ ಬ್ರಷ್‌ನಿಂದ ಅಥವಾ ಮಾಮೂಲಿ ಬ್ರಷ್‌ನಿಂದ ಸೀಳುಗಳನ್ನು ಉಜ್ಜಿ ತೊಳೆಯುತ್ತಾರೆ. ಎಣ್ಣೆ ಅಂಶದ ಪೇಸ್ಟ್ ಬಳಸುವುದಿಲ್ಲ. ಫ್ಲೋರೈಡ್ ವಾರ್ನಿಷ್ ಕೂಡ ಹಚ್ಚುವುದಿದ್ದರೆ ಅದು ಸೀಲೆಂಟ್ ಆದ ಮೇಲೆ.

2. ತೇವ ತಡೆಯುವುದು. ಕೆನ್ನೆಯ ಕಡೆ, ನಾಲಿಗೆಯ ಕಡೆ ಹತ್ತಿ ಸುರುಳಿ ಇಟ್ಟು ಸಕ್ಷನ್ ಹಚ್ಚುತ್ತಾರೆ. ರಬ್ಬರ್ ಡ್ಯಾಮ್ ಹಾಕಿದರೆ ಇನ್ನೂ ಒಳ್ಳೆಯದು. ಅದರ ಕ್ಲಿಪ್ ವಸಡನ್ನು ಸ್ವಲ್ಪ ಹಿಂಡುತ್ತದೆ.

3. ಆಸಿಡ್ ಜೆಲ್. ಶೇ. 37ರ ಆಸುಪಾಸಿನ ಫಾಸ್ಫಾರಿಕ್ ಆಸಿಡ್, ಹೆಚ್ಚಾಗಿ ನೀಲಿ ಬಣ್ಣದ್ದು, 15ರಿಂದ 30 ಸೆಕೆಂಡ್. ಇದು ಎನಾಮಲ್ ಮೇಲೆ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳನ್ನು ಮಾಡುತ್ತದೆ. ಸೀಲೆಂಟ್ ಬೇರು ಬಿಡುವುದು ಅವುಗಳೊಳಗೆ.

4. ತೊಳೆದು ಒಣಗಿಸುವುದು. ಜೆಲ್ ಪೂರ್ತಿ ತೊಳೆದು, ನೆಂದ ಹತ್ತಿ ಬದಲಿಸಿ, ಗಾಳಿ ಊದುತ್ತಾರೆ. ಈಗ ಹಲ್ಲಿನ ಹೊಳಪು ಹೋಗಿ ಸೀಮೆಸುಣ್ಣ ಸವರಿದ ಹಾಗೆ ಮಂಕು ಬಿಳಿ ಬಣ್ಣ ಬರಬೇಕು. ಬರದಿದ್ದರೆ ಮತ್ತೆ ಆಸಿಡ್ ಹಾಕಬೇಕು.

5. ಸೀಲೆಂಟ್ ಹರಿಸುವುದು. ಗುಳ್ಳೆ ಏಳದಂತೆ ಸೀಳುಗಳುದ್ದಕ್ಕೂ ತೆಳುವಾಗಿ. ಕೆಳಗಿನ 6ನೆಯದಕ್ಕೆ ಕೆನ್ನೆಯ ಕಡೆ ಒಂದು ಚಿಕ್ಕ ಗುಳಿ, ಮೇಲಿನದಕ್ಕೆ ಅಂಗುಳಿನ ಕಡೆ ಒಂದು ಸೀಳು ಇರುವುದುಂಟು. ಅವನ್ನೂ ಮುಚ್ಚಬೇಕು, ಇವೇ ಮರೆತುಹೋಗುವ ಜಾಗಗಳು.

6. ಬೆಳಕು. ಸಾಮಾನ್ಯವಾಗಿ ಒಂದೊಂದು ಹಲ್ಲಿಗೆ 20 ಸೆಕೆಂಡ್. ಆ ನೀಲಿ ಬೆಳಕನ್ನು ನೀವೂ ದಿಟ್ಟಿಸಿ ನೋಡಬೇಡಿ.

7. ಪರೀಕ್ಷೆ. ಮೊನೆಯ ಸಲಕರಣೆಯಿಂದ ಅಂಚನ್ನು ಎಬ್ಬಿಸಲು ನೋಡುತ್ತಾರೆ. ಎದ್ದರೆ ಅಲ್ಲೇ ಮತ್ತೆ ಹಾಕುವುದು. ಮೇಲಿನ ಅಂಟಂಟು ಪದರವನ್ನು ಹತ್ತಿಯಿಂದ ಒರೆಸಿ ಬಾಯಿ ಮುಕ್ಕಳಿಸಲು ಹೇಳುತ್ತಾರೆ. ಪ್ಲಾಸ್ಟಿಕ್‌ನಲ್ಲಿ ಬಳಸುವ ಬಿಪಿಎ ಎಂಬ ರಾಸಾಯನಿಕದ ಬಗ್ಗೆ ಓದಿ ಗಾಬರಿಯಾದವರಿಗೆ: ಸೀಲೆಂಟ್‌ನಿಂದ ಬರಬಹುದಾದ ಪ್ರಮಾಣ ಅತ್ಯಲ್ಪ, ಈ ಒರೆಸುವಿಕೆ ಅದನ್ನೂ ತಗ್ಗಿಸುತ್ತದೆ. ಕೊನೆಗೆ ನೀಲಿ ಕಾಗದ ಕಚ್ಚಿಸಿ ಎತ್ತರ ಸರಿಮಾಡುತ್ತಾರೆ.

ಕೆಲಸ ಕೆಡುವುದು 4ಕ್ಕೂ 5ಕ್ಕೂ ನಡುವಿನ ಕೆಲವೇ ಸೆಕೆಂಡುಗಳಲ್ಲಿ. ಸುಣ್ಣದಂತೆ ಬೆಳ್ಳಗಾದ ಹಲ್ಲಿಗೆ ಜೊಲ್ಲು ಒಂದು ಕ್ಷಣ ತಾಗಿದರೂ ಆ ರಂಧ್ರಗಳ ಮೇಲೆ ಪೊರೆ ಕಟ್ಟುತ್ತದೆ. ಗಾಳಿ ಊದಿ ಒಣಗಿಸಿದರೆ ಪೊರೆ ಹೋಗುವುದಿಲ್ಲ. ಆಸಿಡ್ ಹಂತದಿಂದ ಮತ್ತೆ ಶುರುಮಾಡಬೇಕು. ಒದ್ದೆ ಗೋಡೆಗೆ ಪೇಂಟ್ ಹೊಡೆದ ಹಾಗೆ, ಅವತ್ತು ಚೆನ್ನಾಗಿಯೇ ಕಾಣುತ್ತದೆ.

ನಾನು ಇದನ್ನು ಕಲಿತದ್ದು ಸ್ವಂತ ಮಗಳ ಹಲ್ಲಿನ ಮೇಲೆ. ಅವಳಿಗೆ ಆರೂವರೆ. ಭಾನುವಾರ, ಸಿಸ್ಟರ್ ರಜೆ, "ಹತ್ತು ನಿಮಿಷದ ಕೆಲಸ" ಎಂದು ಒಬ್ಬನೇ ಕೂತೆ. ಎಡಗೈಲಿ ಕನ್ನಡಿ, ಅದರ ಕಿರುಬೆರಳಿಂದಲೇ ಹತ್ತಿ ಒತ್ತಿ ಹಿಡಿದಿದ್ದೆ. 36ಕ್ಕೆ ಆಸಿಡ್ ಹಾಕಿ ತೊಳೆದೆ, ಚೆಂದ ಬೆಳ್ಳಗಾಯಿತು. ಸೀಲೆಂಟ್ ಸಿರಿಂಜ್ ಎತ್ತಿಕೊಳ್ಳಲು ಪಕ್ಕಕ್ಕೆ ತಿರುಗುವಷ್ಟರಲ್ಲಿ ಅವಳು "ಅಪ್ಪಾ, ಹುಳೀ!" ಎಂದಳು. ನಾಲಿಗೆ ಹಲ್ಲನ್ನು ಸವರಿ ಹೋಯಿತು. ನೋಡಿದೆ. ಒಂದು ಸಲ ಗಾಳಿ ಊದಿ ಹಾಕಿಬಿಟ್ಟೆ. ಮೂರು ತಿಂಗಳಿಗೆ ನೋಡಿದರೆ 36ರ ಮೇಲೆ ಸೀಲೆಂಟ್‌ನ ಸುಳಿವೇ ಇಲ್ಲ. ಅದೇ ದಿನ, ಅದೇ ಸಿರಿಂಜಿನಿಂದ ಹಾಕಿದ್ದ 46ರದ್ದು ಅಂಚು ಕೂಡ ಏಳದೆ ಇತ್ತು. ಸಿಸ್ಟರ್ ಸಕ್ಷನ್ ಹಿಡಿದು ಕೂತ ದಿನ ಮತ್ತೆ ಹಾಕಿದ್ದು ಗಟ್ಟಿ ನಿಂತಿತು.

ಹಾಗಾಗಿ ನೀವು ನೋಡಬೇಕಾದ್ದು ಇಷ್ಟೇ: ಆಸಿಡ್ ತೊಳೆದ ಮೇಲೆ ಮಗು ಬಾಯಿ ಮುಚ್ಚಿತಾ, ಉಗುಳಿತಾ, ನಾಲಿಗೆ ಆಡಿಸಿತಾ? ಹಾಗಾದರೆ "ಡಾಕ್ಟ್ರೇ, ಇನ್ನೊಂದು ಸಲ ಜೆಲ್ ಹಾಕ್ತೀರಾ?" ಎಂದು ಕೇಳಿ. ಸಂಕೋಚ ಬೇಡ. ಮಗು ತೀರಾ ಹೊರಳಾಡುತ್ತಿದ್ದರೆ ಒಂದೇ ದಿನ ನಾಲ್ಕೂ ಮುಗಿಸುವ ಹಟ ಬಿಟ್ಟು ಎರಡೆರಡು ಮಾಡಿಸಿ.

## ಹಂತ 6: ಹಾಕಿಸಿದ ದಿನ

ರೆಸಿನ್ ಆದರೆ ಬೆಳಕಿಗೇ ಗಟ್ಟಿಯಾಗಿರುತ್ತದೆ, ತಕ್ಷಣ ಊಟ ಮಾಡಬಹುದು. ಗ್ಲಾಸ್ ಅಯಾನೊಮರ್ ಆದರೆ ಒಂದು ಗಂಟೆ ಏನನ್ನೂ ಅಗಿಯುವುದು ಬೇಡ. "ಏನೋ ಅಡ್ಡ ಸಿಗತ್ತೆ" ಎಂದು ಮಗು ಒಂದೆರಡು ದಿನ ಹೇಳುವುದು ಮಾಮೂಲಿ. ವಾರವಾದರೂ ಹಾಗೇ ಇದ್ದರೆ, ಅಥವಾ ಒಂದೇ ಕಡೆ ಅಗಿಯುತ್ತಿದ್ದರೆ, ಹೋಗಿ ಎತ್ತರ ತಗ್ಗಿಸಿಕೊಂಡು ಬನ್ನಿ.

ಅವತ್ತೇ ರಾತ್ರಿ ಟಾರ್ಚ್ ಬಿಟ್ಟು ನಾಲ್ಕೂ ಹಲ್ಲಿನ ಫೋಟೊ ತೆಗೆದಿಡಿ. ಸೀಲೆಂಟ್ ಬಿಳಿಯದಾದರೆ ನಿಮಗೇ ಕಾಣುತ್ತದೆ. ಪಾರದರ್ಶಕವಾದದ್ದು ಉದುರಿದರೂ ಮನೆಯಲ್ಲಿ ತಿಳಿಯುವುದಿಲ್ಲ. ಆಯ್ಕೆ ಕೊಟ್ಟರೆ ನಾನಂತೂ ಬಿಳಿಯದನ್ನೇ ಹೇಳುತ್ತೇನೆ.

## ಹಂತ 7: ಆರು ತಿಂಗಳಿಗೊಮ್ಮೆ ನೋಡಿಸಿ

ತಂತ್ರ ತಪ್ಪಿದ ಸೀಲೆಂಟ್ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಏಳುತ್ತದೆ. ಆದ್ದರಿಂದ ಮೊದಲ ತಪಾಸಣೆಯನ್ನು ತಪ್ಪಿಸಲೇಬೇಡಿ. ಅರ್ಧ ಉದುರಿದ್ದರೆ ಉಳಿದದ್ದನ್ನು ಕೀಳಬೇಕಿಲ್ಲ, ಬಿಟ್ಟ ಜಾಗಕ್ಕೆ ಮಾತ್ರ ಹಾಕುತ್ತಾರೆ. ಪೂರ್ತಿ ಉದುರಿದ್ದರೆ ಹಲ್ಲು ಮೊದಲಿಗಿಂತ ಹಾಳಾಯಿತು ಎಂದೇನೂ ಅಲ್ಲ. ಸೀಲೆಂಟ್ ಹಾಕಿಸದ ಹಲ್ಲಿನಷ್ಟೇ ಅದಕ್ಕೂ ಅಪಾಯ.

ಬ್ರಷ್ ಮಾಡುವುದನ್ನು ಮಾತ್ರ ಸಡಿಲ ಬಿಡಬೇಡಿ. ಫ್ಲೋರೈಡ್ ಪೇಸ್ಟ್, 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿ ಕಾಳಿನಷ್ಟು, ದಿನಕ್ಕೆರಡು ಸಲ. ಏಳೆಂಟು ವರ್ಷದವರೆಗೆ ರಾತ್ರಿಯ ಬ್ರಷ್ ದೊಡ್ಡವರ ಕೈಯಲ್ಲೇ ಇರಲಿ.

## ದೊಡ್ಡವರಿಗೆ ಬದಲಾಗುವುದೇನು

ವಯಸ್ಸಿನ ಮಿತಿ ಇಲ್ಲ, ಆದರೆ ಎಲ್ಲರಿಗೂ ಬೇಕಿಲ್ಲ. ನಲವತ್ತು ದಾಟಿದರೂ ಒಂದು ಹುಳುಕೂ ಬಾರದ ಬಾಯಿಗೆ ಈಗ ಸೀಲೆಂಟ್ ಹಾಕಿಸಿ ಸಿಗುವುದು ಕಡಿಮೆ. ಸೀಳುಗಳು ಆಳವಾಗಿರುವವರು, ಕಳೆದ ಒಂದೆರಡು ವರ್ಷದಲ್ಲಿ ಹೊಸ ಹುಳುಕು ಬಂದವರು, ಹಲ್ಲಿಗೆ ತಂತಿ ಹಾಕಿಸಿಕೊಂಡವರು, ಅಲರ್ಜಿ ಅಥವಾ ಖಿನ್ನತೆಯ ಮಾತ್ರೆಯಿಂದ ಬಾಯಿ ಒಣಗುವವರು ಕೇಳಿ ನೋಡಬೇಕು. ತಂತಿ ಹಾಕಿಸುವುದಿದ್ದರೆ ಸೀಲೆಂಟ್ ಮೊದಲು, ತಂತಿ ಆಮೇಲೆ.

ದೊಡ್ಡವರ ಸೀಳುಗಳಲ್ಲಿ ಕಾಫಿ, ಎಲೆಅಡಿಕೆ, ತಂಬಾಕಿನ ಕರೆ ಕೂತಿರುತ್ತದೆ. ಕಪ್ಪಗಿದ್ದದ್ದೆಲ್ಲ ಹುಳುಕಲ್ಲ. ವರ್ಷಗಳಿಂದ ಹಾಗೇ ಇರುವ ಗಟ್ಟಿ ಕಪ್ಪು ಗೆರೆಯನ್ನು ನೋಡಿ "ನಾಲ್ಕೂ ಕೊರೆದು ತುಂಬಿಸೋಣ" ಎಂದು ಯಾರಾದರೂ ಅಂದರೆ ಎಕ್ಸ್‌ರೇ ತೋರಿಸಿ ವಿವರಿಸಲು ಹೇಳಿ, ಬೇಕಾದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಆಳ ನೋಡುವ ನೆಪದಲ್ಲಿ ಆರೋಗ್ಯವಾಗಿರುವ ಸೀಳನ್ನು ಕೊರೆದು ಅಗಲ ಮಾಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಈಗಾಗಲೇ ದೊಡ್ಡ ಫಿಲ್ಲಿಂಗ್ ಇರುವ ಹಲ್ಲಿಗೂ ಇದು ಉಪಯೋಗಕ್ಕೆ ಬರುವುದು ಅಪರೂಪ.

ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮೊದಲೇ ಹೇಳಿ, ಸೀಲೆಂಟ್ ಬೇಗ ಸವೆಯುತ್ತದೆ.

## ಕಾಯದೆ ತೋರಿಸಬೇಕಾದ ಲಕ್ಷಣಗಳು

ಸೀಲೆಂಟ್ ಅಂಚಿನ ಸುತ್ತ ಹೊಸದಾಗಿ ಕಂದು ಗೆರೆ ಮೂಡಿದರೆ, ನಾಲಿಗೆಗೆ ಚೂಪಾದ ಅಂಚು ತಾಗಿದರೆ, ಸೀಲೆಂಟ್ ಅಡಿಯಿಂದ ಬೂದು ನೆರಳು ಕಂಡರೆ, ಆ ವಾರವೇ ಹೋಗಿ. ಅಂಚು ಎದ್ದ ಸೀಲೆಂಟ್ ಅಡಿ ಆಹಾರ ಸೇರಿದರೆ ಬ್ರಷ್ಷು ಅಲ್ಲಿಗೆ ತಲುಪುವುದಿಲ್ಲ.

ಬಿಸಿ ಮುಟ್ಟಿಸಿದರೆ ಏಳುವ, ತುಂಬ ಹೊತ್ತು ಇಳಿಯದ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಬಂದರೆ ಹುಳುಕು ನರದ ಹತ್ತಿರ ಹೋಗಿದೆ ಎಂದೇ ತಿಳಿಯಿರಿ. ಲವಂಗ ಇಟ್ಟುಕೊಂಡು ದಿನ ದೂಡಬೇಡಿ. ಕೆನ್ನೆ ಊದಿ ಜ್ವರವೂ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಅಪಾಯಿಂಟ್‌ಮೆಂಟ್ ಸಿಗಲಿ ಎಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.